ಸಿಗರೇಟಿನ ತುಡಿತವನ್ನು ಜೊತೆಗಾರರೊಡನೆ ದಾಟುವ ಬಗೆ

ಸಿಗರೇಟನ್ನು ಹೆಚ್ಚಿನವರು ಒಬ್ಬರೇ ಕಲಿಯುವುದಿಲ್ಲ. ಹಾಸ್ಟೆಲಿನ ತಾರಸಿಯಲ್ಲೋ ಕಾಲೇಜಿನ ಹಿಂದಿನ ಗೂಡಂಗಡಿಯಲ್ಲೋ ಯಾರೋ ಒಬ್ಬರು ಅರ್ಧ ಸೇದಿ ಕೈಗೆ ಕೊಟ್ಟದ್ದರಿಂದ ಅದು ಆರಂಭವಾಗಿರುತ್ತದೆ. ಬಿಡುವ ಹೊತ್ತಿಗೆ ಮಾತ್ರ ನಾವು ಯಾರಿಗೂ ಹೇಳದೆ, ಮನಸ್ಸಿನ ಗಟ್ಟಿತನವೊಂದನ್ನೇ ನಂಬಿ ಹೊರಡುತ್ತೇವೆ. ಹಾಗೆ ನಾಲ್ಕು ಬಾರಿ ಬಿಟ್ಟು ನಾಲ್ಕು ಬಾರಿಯೂ ಮತ್ತೆ ಹಿಡಿದವನು ನಾನು. ಐದನೆಯ ಬಾರಿ, ಟೀ ಅಂಗಡಿಯಲ್ಲಿ ನನ್ನೊಡನೆಯೇ ಸೇದುತ್ತಿದ್ದ ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಬಿಟ್ಟದ್ದು ಉಳಿದುಕೊಂಡಿದೆ. ಆ ಏರ್ಪಾಟನ್ನು ಇತರರೂ ಮಾಡಿಕೊಳ್ಳಬಹುದೆಂದು ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ತುಡಿತದ ಲೆಕ್ಕ ತಿಳಿದಿರಬೇಕು. ಒಳಗೆಳೆದ ಹೊಗೆಯಲ್ಲಿನ ನಿಕೋಟಿನ್ 10ರಿಂದ 20 ಸೆಕೆಂಡುಗಳಲ್ಲಿ ಮಿದುಳನ್ನು ತಲುಪುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ದಿನವಿಡೀ ಸೇದುವವನು ಗಂಟೆಗೋ ಎರಡು ಗಂಟೆಗೋ ಕುರ್ಚಿಯಿಂದ ಏಳುವುದು ಇದರಿಂದಲೇ. ಪೂರ್ತಿ ನಿಲ್ಲಿಸಿದಾಗ ಸಿಡುಕು, ಚಡಪಡಿಕೆ, ನಿದ್ದೆಗೇಡು, ಅತಿಯಾದ ಹಸಿವು ಎರಡು ಮೂರನೆಯ ದಿನಕ್ಕೆ ಅತ್ಯಂತ ಜೋರಾಗಿ, 2ರಿಂದ 4 ವಾರಗಳಲ್ಲಿ ಬಹುಮಟ್ಟಿಗೆ ತಗ್ಗುತ್ತವೆ. ಆದರೆ ಈ ಅವಧಿಯನ್ನೆಲ್ಲ ಒಂದೇ ದೀರ್ಘ ಉಪವಾಸವೆಂದು ಎಣಿಸಿಕೊಂಡರೆ ಎದೆ ಕುಸಿಯುತ್ತದೆ. ತುಡಿತ ಬಿಟ್ಟುಬಿಟ್ಟು ಬರುವ ಮಳೆಯಂಥದ್ದು: ಒಂದೊಂದು ಸಲವೂ ಸಾಮಾನ್ಯವಾಗಿ ಐದು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷ ಸುರಿದು ನಿಲ್ಲುತ್ತದೆ. ಸೇದಿದರೂ ನಿಲ್ಲುತ್ತದೆ, ಸೇದದಿದ್ದರೂ ನಿಲ್ಲುತ್ತದೆ. ಜೊತೆಗಾರನಿಂದ ಬೇಕಾಗಿರುವುದು ಆ ಹತ್ತು ನಿಮಿಷದ ಸೂರು ಮಾತ್ರ.

ಜೊತೆಗಾರರು ಇಬ್ಬರಿಂದ ನಾಲ್ವರಿದ್ದರೆ ಸಾಕು. ಒಬ್ಬನನ್ನೇ ನಂಬಿಕೊಂಡರೆ ಅವನು ಮೀಟಿಂಗಿನಲ್ಲಿದ್ದಾಗಲೋ, ಅವನೇ ಎಡವಿದಾಗಲೋ ನೀವು ಬಯಲಿಗೆ ಬೀಳುತ್ತೀರಿ. ಎಂದೂ ಸೇದದ ಒಳ್ಳೆಯ ಗೆಳೆಯನಿಗಿಂತ, ಈಗಾಗಲೇ ಬಿಟ್ಟವನು ಅಥವಾ ನಿಮ್ಮೊಡನೆಯೇ ಬಿಡುತ್ತಿರುವವನು ಮೇಲು. ಏಕೆಂದರೆ ಅವನಿಗೆ ವಿವರಿಸಿ ಹೇಳಬೇಕಾದ್ದು ಏನೂ ಇರುವುದಿಲ್ಲ. ಹೆಂಡತಿಯನ್ನೋ ಗಂಡನನ್ನೋ ಈ ಕಾವಲಿಗೆ ನಿಲ್ಲಿಸದಿರುವುದು ಲೇಸೆಂದು ನನ್ನ ಅಭಿಪ್ರಾಯ. ಮನೆಯಲ್ಲಿ ಅದು ಬೇಗನೆ ತನಿಖೆಯ ರೂಪ ತಾಳುತ್ತದೆ.

ಎರಡು ವಾರದೊಳಗಿನ ಒಂದು ದಿನವನ್ನು ಎಲ್ಲರೂ ಕೂಡಿ ಗೊತ್ತುಮಾಡಿ. ಅದಕ್ಕೂ ಮುಂಚಿನ ಒಂದು ವಾರ ಸೇದುವುದನ್ನು ನಿಲ್ಲಿಸದೆ, ಪ್ರತಿಯೊಂದು ಸಿಗರೇಟಿನ ಹೊತ್ತು, ಜಾಗ ಮತ್ತು ಪಕ್ಕದಲ್ಲಿದ್ದವರ ಹೆಸರನ್ನು ಬರೆದಿಟ್ಟುಕೊಂಡು, ಕೊನೆಯಲ್ಲಿ ಆ ಚೀಟಿಗಳನ್ನು ಪರಸ್ಪರ ಬದಲಾಯಿಸಿಕೊಳ್ಳಿ. ನಮ್ಮಲ್ಲಿ ಒಬ್ಬನಿಗೆ ಬೆಳಗಿನ ಶೌಚಕ್ಕೆ ಮುಂಚಿನದು ಬಿಡಲಾಗದ ಸಿಗರೇಟು. ಇನ್ನೊಬ್ಬನಿಗೆ ಮೇಲಧಿಕಾರಿಯ ಕೋಣೆಯಿಂದ ಹೊರಬಂದ ಕೂಡಲೇ ಹಚ್ಚುವುದು. ನನಗೆ ಊಟವಾದ ಮೇಲಿನದು. ಇನ್ನೊಬ್ಬರ ಕಷ್ಟದ ಗಳಿಗೆ ಗೊತ್ತಿದ್ದರೆ, ಅವರು ಕರೆಯುವ ಮೊದಲೇ ನೀವು ಕರೆಯಬಹುದು.

ಒಪ್ಪಂದದಲ್ಲಿ ಒಂದೇ ನಿಯಮವಿರಲಿ: ಹಚ್ಚುವುದಕ್ಕೆ ಮುಂಚೆ ಕರೆ ಮಾಡಬೇಕು. ಹಚ್ಚಬಾರದೆಂಬುದು ನಿಯಮವಲ್ಲ ಎಂಬುದನ್ನು ಗಮನಿಸಿ. ಹಚ್ಚಬಾರದೆಂದು ಆಣೆ ಹಾಕಿಸಿಕೊಂಡವನು ಎಡವಿದ ದಿನ ಫೋನನ್ನೇ ಎತ್ತುವುದಿಲ್ಲ; ಕರೆ ಮಾಡಬೇಕೆಂದು ಮಾತ್ರ ಒಪ್ಪಿಕೊಂಡವನಿಗೆ ಹಿಂಜರಿಕೆ ಕಡಿಮೆ. ಸಂದೇಶ ಕಳಿಸುವುದಕ್ಕಿಂತ ದನಿ ಕೇಳಿಸುವ ಕರೆ ಉತ್ತಮ, ಏಕೆಂದರೆ ಬೆರಳು ಸಂದೇಶ ಒತ್ತುತ್ತಿರುವಾಗಲೇ ಇನ್ನೊಂದು ಕೈ ಕಡ್ಡಿ ಗೀರಬಲ್ಲದು.

ಕರೆ ಎತ್ತಿದವನು ಹೇಗೆ ಮಾತಾಡಬೇಕೆಂಬುದನ್ನು ನಾವು ತಪ್ಪು ಮಾಡಿಯೇ ಕಲಿತೆವು. ಶ್ವಾಸಕೋಶ, ಕ್ಯಾನ್ಸರ್, ಮಕ್ಕಳ ಭವಿಷ್ಯ ಇವನ್ನೆಲ್ಲ ಆ ಗಳಿಗೆಯಲ್ಲಿ ಎತ್ತಬಾರದು; ಪೊಟ್ಟಣದ ಮೇಲಿನ ಚಿತ್ರವನ್ನು ವರ್ಷಗಟ್ಟಲೆ ನೋಡಿಕೊಂಡೇ ಸೇದಿದವನಿಗೆ ಅದು ಹೊಸ ಸುದ್ದಿಯೇನಲ್ಲ. ಎಲ್ಲಿ ನಿಂತಿದ್ದೀಯ, ಕೈಯಲ್ಲಿ ಏನಿದೆ, ಮಧ್ಯಾಹ್ನ ಊಟ ಮಾಡಿದೆಯಾ ಎಂದು ಕೇಳಿ. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಒಂದು ಬಹುತೇಕ ಪ್ರತಿ ತುಡಿತದ ಬೆನ್ನಿಗೂ ಇರುತ್ತದೆ, ಮತ್ತು ಬಾಳೆಹಣ್ಣು ತಿಂದರೆ ಹೋಗುವ ಹಸಿವಿಗೆ ನಾವು ಸಿಗರೇಟು ಹಚ್ಚುತ್ತಿರುತ್ತೇವೆ. ಉತ್ತರ ಬಂದ ಮೇಲೆ ಆ ಜಾಗದಿಂದ ನಡೆಯಲು ಹೇಳಿ, ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯಲು ಹೇಳಿ, ನಿಧಾನವಾಗಿ ಉಸಿರೆಳೆದು ಅದಕ್ಕಿಂತ ನಿಧಾನವಾಗಿ ಬಿಡಲು ಹೇಳಿ. ಆಮೇಲೆ ಕ್ರಿಕೆಟ್ಟೋ ಟ್ರಾಫಿಕ್ಕೋ ಏನಾದರೂ ಮಾತಾಡುತ್ತ ಗಡಿಯಾರ ನೋಡುತ್ತಿರಿ. ಹತ್ತು ನಿಮಿಷವಾದ ಮೇಲೆ ಈಗ ಹೇಗಿದೆ ಎಂದು ಕೇಳಿದರೆ, ಅವನೇ ಏತಕ್ಕೆಂದು ಮರೆತಿರುವುದುಂಟು.

ಟೀ ಅಂಗಡಿಯ ವಿಷಯಕ್ಕೆ ಬೇರೆಯೇ ಎಚ್ಚರ ಬೇಕು. ಮನೆಯ ಪೊಟ್ಟಣ, ಲೈಟರು, ಆಷ್‌ಟ್ರೇಗಳನ್ನು ಎಸೆದರೆ ಮುಗಿಯಿತೆಂದು ತಿಳಿಯಬೇಡಿ. ಬಿಡಿ ಸಿಗರೇಟಿನ ಮಾರಾಟವನ್ನು ಕರ್ನಾಟಕ 2017ರಲ್ಲೇ ನಿಷೇಧಿಸಿದ್ದರೂ ಗೂಡಂಗಡಿಯಲ್ಲಿ ಅದು ಒಂದೊಂದಾಗಿ ಸಿಗುತ್ತಲೇ ಇದೆ, ಮತ್ತು ಜಾರಿದವರೆಲ್ಲ ಜಾರುವುದು ಆ ಒಂದೇ ಒಂದರಿಂದ. ಮೊದಲ ಮೂರು ವಾರ ಟೀ ವಿರಾಮವನ್ನು ಬಿಡಬೇಡಿ, ಅಂಗಡಿಯನ್ನು ಬದಲಾಯಿಸಿ; ವಿರಾಮ ಬಿಟ್ಟರೆ ಜೊತೆಯೂ ಹೋಗುತ್ತದೆ. ಕಾಫಿಪ್ರಿಯರು ಇನ್ನೊಂದನ್ನು ತಿಳಿದಿರಬೇಕು: ತಂಬಾಕಿನ ಹೊಗೆ ಯಕೃತ್ತು ಕೆಫೀನನ್ನು ಕರಗಿಸುವ ವೇಗವನ್ನು ಹೆಚ್ಚಿಸಿರುತ್ತದೆಯಾದ್ದರಿಂದ, ಸೇದುವುದು ನಿಂತ ಮೇಲೆ ಅದೇ ಅಳತೆಯ ಫಿಲ್ಟರ್ ಕಾಫಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು ಎದೆಬಡಿತವನ್ನೂ ನಿದ್ದೆಗೇಡನ್ನೂ ತರುತ್ತದೆ, ನಾವು ಅದನ್ನೇ ತುಡಿತವೆಂದು ಭ್ರಮಿಸುತ್ತೇವೆ. ಕಾಫಿಯನ್ನು ಅರ್ಧಕ್ಕಿಳಿಸಿ. ಇದೇ ಕಾರಣದಿಂದ ಕೆಲವು ಔಷಧಿಗಳ ಪ್ರಮಾಣವೂ ಬದಲಾಗಬೇಕಾಗುತ್ತದೆ. ನಿತ್ಯ ಮಾತ್ರೆ ನುಂಗುವವರು, ಅದರಲ್ಲೂ ಮಾನಸಿಕ ಚಿಕಿತ್ಸೆಯಲ್ಲಿರುವವರು, ಬಿಡುವ ದಿನಾಂಕವನ್ನು ವೈದ್ಯರಿಗೆ ಹೇಳಿರಬೇಕು.

ಬಾಯಿಗೆ ಏನಾದರೂ ಬೇಕೆನಿಸಿದಾಗ ಏಲಕ್ಕಿ, ಲವಂಗ, ಸೋಂಪು, ಹುರಿಗಡಲೆ ಸಾಕು. ಅಡಿಕೆ ಬೇಡ. ಮಲೆನಾಡಿನ ನನ್ನ ನೆಂಟರಿಗೆ ಈ ಮಾತು ಹಿಡಿಸುವುದಿಲ್ಲ, ಆದರೆ ತಂಬಾಕು ಬೆರೆಸದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕವೆಂದೇ ವರ್ಗೀಕರಿಸಿದೆ. ಸಿಗರೇಟು ಬಿಟ್ಟು ಬೀಡಿಗೆ ಇಳಿಯುವುದೂ ಬಿಡುವುದಲ್ಲ.

ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರು, ಎದ್ದ ಅರ್ಧ ಗಂಟೆಯೊಳಗೆ ಮೊದಲನೆಯದನ್ನು ಹಚ್ಚುವವರು, ಜೊತೆಗಾರರಿದ್ದಾರೆಂದು ಔಷಧಿಯನ್ನು ತಿರಸ್ಕರಿಸಬಾರದು. ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂಗಳಲ್ಲಿ ದೊರೆಯುತ್ತದೆ. ಯಾವುದು ಎಷ್ಟೆಂದು ವೈದ್ಯರನ್ನು ಕೇಳಿ. ಅದನ್ನು ಬಬಲ್‌ಗಮ್ಮಿನಂತೆ ಅಗಿದು ಹೊಟ್ಟೆ ತೊಳಸಿತೆಂದು ಉಗಿದವರೇ ಹೆಚ್ಚು. ಖಾರ ಚುರುಗುಟ್ಟುವವರೆಗೆ ನಿಧಾನವಾಗಿ ಅಗಿದು, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಂಡು, ಚುರುಕು ಇಳಿದ ಮೇಲೆ ಮತ್ತೆ ಅಗಿಯುತ್ತ ಅರ್ಧ ಗಂಟೆ ನಡೆಸಬೇಕು. ಅದಕ್ಕೆ ಮುಂಚಿನ ಕಾಲು ಗಂಟೆ ಕಾಫಿ, ಹಣ್ಣಿನ ರಸ ಕುಡಿಯಬಾರದು. ಜೊತೆಗಾರರಾರೂ ಸಿಗದಿದ್ದರೆ ಪೊಟ್ಟಣದ ಮೇಲೆಯೇ ಮುದ್ರಿತವಾಗಿರುವ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಶುಲ್ಕವಿಲ್ಲದೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲಿ ಸಲಹೆ ದೊರೆಯುತ್ತದೆ. ಬೇಸರ ಮತ್ತು ಮಂಕು ವಾರಗಟ್ಟಲೆ ಬಿಡದಿದ್ದರೆ ಅದು ಗೆಳೆಯರ ಕೈಮೀರಿದ್ದು, ವೈದ್ಯರಲ್ಲಿಗೆ ಹೋಗಿ.

ಯಾರಾದರೂ ಎಡವಿಯೇ ಎಡವುತ್ತಾರೆ. ನಾವು ಮೊದಲು ಸಿಗರೇಟಿಗೆ ಐನೂರು ರೂಪಾಯಿ ದಂಡವೆಂದು ಡಬ್ಬಿ ಇಟ್ಟಿದ್ದೆವು. ಎರಡು ವಾರ ಡಬ್ಬಿ ಖಾಲಿಯಿತ್ತು, ಮೂವರೂ ಹೆಮ್ಮೆಪಟ್ಟೆವು. ಮೂರನೆಯ ವಾರ, ಮೂವರಲ್ಲಿ ಇಬ್ಬರು ಕದ್ದು ಸೇದುತ್ತಿದ್ದದ್ದು ತಿಳಿಯಿತು, ಒಬ್ಬ ನಾನೇ. ಡಬ್ಬಿಯನ್ನು ತೆಗೆದು, ಎಡವಿದವನು ಅದೇ ದಿನ ಹೇಳಬೇಕು, ಕೇಳಿದವರು ಆ ಮುಂಚಿನ ಒಂದು ಗಂಟೆಯಲ್ಲಿ ಏನಾಯಿತೆಂದು ಮಾತ್ರ ವಿಚಾರಿಸಬೇಕು ಎಂದು ಮಾಡಿಕೊಂಡೆವು. ಪೊಟ್ಟಣದಲ್ಲಿ ಉಳಿದದ್ದನ್ನು ಆಗಲೇ ನೀರಿಗೆ ಹಾಕಿ, ಮರುದಿನದಿಂದಲ್ಲ, ಆ ಗಳಿಗೆಯಿಂದ ಮತ್ತೆ ಮುಂದುವರಿಯಿರಿ. ಜೊತೆಗಾರ ಪೂರ್ತಿ ಹಿಂದಿರುಗಿದರೆ ಗೆಳೆತನ ಇಟ್ಟುಕೊಂಡು ಅವನೊಡನೆ ಟೀಗೆ ಹೋಗುವುದನ್ನು ಕೆಲಕಾಲ ನಿಲ್ಲಿಸಿ, ಅದನ್ನು ಅವನಿಗೆ ನೇರವಾಗಿ ಹೇಳಿ.

ತಿಂಗಳು ಕಳೆದ ಮೇಲೆ ಕರೆಗಳು ವಿರಳವಾಗುತ್ತವೆ, ಆದರೆ ಒಪ್ಪಂದವನ್ನು ಒಂದು ವರ್ಷವಾದರೂ ಮುರಿಯಬೇಡಿ. ಮದುವೆ ಮನೆಯ ಹಿತ್ತಿಲು, ಸಾವಿನ ಮನೆಯ ಅಂಗಳ, ಹಳೆಯ ಸಹಪಾಠಿಗಳ ಕೂಟ ಇಂಥಲ್ಲಿ ಮಲಗಿದ್ದ ತುಡಿತ ಏಳುತ್ತದೆ. ಏಳನೆಯ ತಿಂಗಳಲ್ಲಿ ಮಂಗಳೂರಿಗೆ ಹೊರಟಿದ್ದ ರಾತ್ರಿ ಬಸ್ಸು ಹಾಸನದ ಬಳಿ ಹೋಟೆಲಿನ ಮುಂದೆ ನಿಂತು, ಇಳಿದವರಲ್ಲಿ ಅರ್ಧ ಜನ ಚಳಿಯಲ್ಲಿ ಹೊಗೆ ಬಿಡುತ್ತಿದ್ದಾಗ ನನ್ನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಹನ್ನೆರಡೂವರೆಗೆ ಕರೆ ಮಾಡಿದೆ. ನಿದ್ದೆಗಣ್ಣಿನ ದನಿ ಎಲ್ಲಿದ್ದೀಯ ಎಂದು ಕೇಳಿತು, ಹಾಸನ ಎಂದೆ, ಅಲ್ಲಿ ಎಷ್ಟು ಚಳಿ ಎಂದು ವಿಚಾರಿಸುತ್ತಿರುವಾಗಲೇ ನಿರ್ವಾಹಕ ಹತ್ತಿಕೊಳ್ಳಲು ಕೂಗಿದ.