ಮಹಿಳಾ ಕ್ಲಬ್‌ಗಳು: ಹೊಸ ಊರಿನ ಸೇವೆಗೆ ಕೈಜೋಡಿಸುವ ಬಗೆ

ಅಮೆರಿಕಕ್ಕೆ ಬಂದ ಮೊದಲ ತಿಂಗಳುಗಳು ಮನೆ, ಶಾಲೆ, ವಿಮೆ, ಚಾಲನಾ ಪರವಾನಗಿ ಎಂದು ಓಡಾಟದಲ್ಲೇ ಕಳೆಯುತ್ತವೆ. ಆಮೇಲೆ ಹಲವು ಹೆಣ್ಣುಮಕ್ಕಳಿಗೆ ಬೇರೆಯೇ ಕಷ್ಟ ಎದುರಾಗುತ್ತದೆ. ಗಂಡ ಕಚೇರಿಗೆ, ಮಕ್ಕಳು ಶಾಲೆಗೆ ಹೊರಟುಬಿಡುತ್ತಾರೆ. ಊರಿನಲ್ಲಿ ಪಾಠ ಹೇಳಿದವರು, ಲೆಕ್ಕಪತ್ರ ನೋಡಿದವರು, ಹತ್ತಾರು ಜನರಿಂದ ಕೆಲಸ ಮಾಡಿಸಿದವರು ಅವಲಂಬಿತ ವೀಸಾದ ಕಾರಣಕ್ಕೆ ಮನೆಯಲ್ಲೇ ಉಳಿಯಬೇಕಾಗುತ್ತದೆ. ಅಂಥವರಿಗೆ ನಾವು ಒತ್ತಿ ಹೇಳುವುದಿಷ್ಟೇ: ಎಲ್ಲವೂ ಒಂದು ಹದಕ್ಕೆ ಬರಲಿ ಎಂದು ಕಾಯದೆ, ಊರಿನ ಸೇವೆಗಾಗಿ ಅಲ್ಲಿನ ಮಹಿಳೆಯರೇ ಕೂಡಿ ನಡೆಸುವ ಹತ್ತಿರದ ಮಹಿಳಾ ಕ್ಲಬ್ಬನ್ನು ಸೇರಿ. ಕನ್ನಡದವರ ಸ್ನೇಹಕ್ಕೆ ನಮ್ಮ ಕನ್ನಡ ಸಂಘವಿದೆ. ಆದರೆ ನಿಮ್ಮ ಬೀದಿಯ, ನಿಮ್ಮ ಮಕ್ಕಳ ಶಾಲೆಯ ಜನರ ಪರಿಚಯವಾಗಬೇಕಾದರೆ ಅವರ ಜೊತೆ ಕೂತು ಕೆಲಸ ಮಾಡಬೇಕು.

ನಮ್ಮ ಕಡೆಯ ಮಹಿಳಾ ಸಮಾಜಗಳನ್ನೋ ಇನ್ನರ್ ವೀಲ್ ಕ್ಲಬ್ಬನ್ನೋ ಕಂಡವರಿಗೆ ಇದು ತೀರಾ ಹೊಸದಲ್ಲ. ಇಲ್ಲಿ ಇದಕ್ಕೆ ದೊಡ್ಡ ಚರಿತ್ರೆಯೇ ಇದೆ. 1868ರಲ್ಲಿ ನ್ಯೂಯಾರ್ಕಿನ ಪತ್ರಕರ್ತರು ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಗೌರವಾರ್ಥ ಏರ್ಪಡಿಸಿದ್ದ ಔತಣಕ್ಕೆ ಮಹಿಳೆಯರನ್ನು ಸೇರಿಸಿಕೊಳ್ಳಲಿಲ್ಲ. ಪತ್ರಕರ್ತೆ ಜೇನ್ ಕನಿಂಗ್‌ಹ್ಯಾಮ್ ಕ್ರೋಲಿ ಅದೇ ವರ್ಷ ಸೊರೊಸಿಸ್ ಎಂಬ ಮಹಿಳಾ ಕ್ಲಬ್ ಕಟ್ಟಿದರು. ಇಂಥ ಕ್ಲಬ್‌ಗಳೆಲ್ಲ ಸೇರಿ 1890ರಲ್ಲಿ ಜನರಲ್ ಫೆಡರೇಷನ್ ಆಫ್ ವಿಮೆನ್ಸ್ ಕ್ಲಬ್ಸ್ ಎಂಬ ಒಕ್ಕೂಟವಾಯಿತು. ಅನೇಕ ಊರುಗಳ ಸಾರ್ವಜನಿಕ ಗ್ರಂಥಾಲಯಗಳು ಮೊದಲಾದದ್ದು ಈ ಮಹಿಳೆಯರು ಕೂಡಿಹಾಕಿದ ಪುಸ್ತಕಗಳಿಂದ. ಆ ಕಾಲದ ಬಹುಪಾಲು ಕ್ಲಬ್‌ಗಳು ಕಪ್ಪು ಮಹಿಳೆಯರಿಗೆ ಬಾಗಿಲು ತೆರೆಯಲಿಲ್ಲ ಎಂಬುದನ್ನೂ ತಿಳಿದಿರಬೇಕು. ಅವರು 1896ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘಟನೆ ಕಟ್ಟಿಕೊಂಡರು. ಮೇರಿ ಚರ್ಚ್ ಟೆರೆಲ್ ಅದರ ಮೊದಲ ಅಧ್ಯಕ್ಷೆ. ಹೊರಗುಳಿದವರು ಸುಮ್ಮನೆ ಕೂರದೆ ಶಿಶುವಿಹಾರ, ವೃದ್ಧಾಶ್ರಮಗಳನ್ನು ನಡೆಸಿದ ಆ ಕಥೆ ನಮ್ಮ ಮಕ್ಕಳ ಕಿವಿಗೂ ಬೀಳಬೇಕು.

ಜೂನಿಯರ್ ಲೀಗ್ (1901ರಲ್ಲಿ ಆರಂಭ), ಜೋಂಟಾ (1919), ಸೊರೊಪ್ಟಿಮಿಸ್ಟ್ (1921) ಎಂಬ ಮಹಿಳಾ ಸೇವಾ ಸಂಸ್ಥೆಗಳು ಕೂಡ ಹಲವೆಡೆ ಇವೆ. ಜೂನಿಯರ್ ಲೀಗಿನಲ್ಲಿ ಹೊಸ ಸದಸ್ಯೆಯರಿಗೆ ಮೊದಲು ತರಬೇತಿ ಇರುತ್ತದೆ. ಜೋಂಟಾ ಹೆಚ್ಚಾಗಿ ವೃತ್ತಿನಿರತರದು. ಮೊದಲ ಸಲ ಸೇರುವವರಿಗೆ ಊರಿನ ಸಾಮಾನ್ಯ ಮಹಿಳಾ ಕ್ಲಬ್ಬೇ ಸಲೀಸು ಎಂಬುದು ನಮ್ಮ ಅಭಿಪ್ರಾಯ.

ಕ್ಲಬ್ಬಿನ ವಿಳಾಸಕ್ಕೆ ಗ್ರಂಥಾಲಯದ ಸೂಚನಾ ಫಲಕ ನೋಡಿ, ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಅನೇಕ ಕ್ಲಬ್‌ಗಳ ವರ್ಷ ಸೆಪ್ಟೆಂಬರಿನಿಂದ ಮೇ ತನಕ ನಡೆಯುವುದರಿಂದ ಆಗಸ್ಟಿನಲ್ಲಿ ವಿಚಾರಿಸುವುದು ಒಳ್ಳೆಯದು. ಒಂದೆರಡು ಸಭೆಗೆ ಅತಿಥಿಯಾಗಿ ಹೋಗಿಬನ್ನಿ. ವಾರ್ಷಿಕ ಚಂದಾ ಎಷ್ಟು, ಸಭೆ ಹಗಲೋ ಸಂಜೆಯೋ, ಮಕ್ಕಳನ್ನು ಕರೆತರಬಹುದೇ ಎಂದು ಕೇಳಲು ಸಂಕೋಚ ಬೇಡ. ಕಾರು ಓಡಿಸಲು ಇನ್ನೂ ಬಾರದಿದ್ದರೆ ಅದನ್ನೂ ಹೇಳಿ. ದಾರಿಯಲ್ಲೇ ಮನೆಯಿರುವ ಯಾರಾದರೂ ಕರೆದೊಯ್ಯಬಹುದು.

ವೀಸಾ ವಿಷಯದಲ್ಲಿ ಮಾತ್ರ ಎಚ್ಚರ ಬೇಕೇ ಬೇಕು. ಎಚ್-4ರಂಥ (ಕೆಲಸಕ್ಕೆ ಬಂದವರ ಸಂಗಾತಿಗೆ ಕೊಡುವ) ವೀಸಾದಲ್ಲಿದ್ದು ಉದ್ಯೋಗದ ಅನುಮತಿ ಇಲ್ಲದವರು ಲಾಭರಹಿತ ಸಂಸ್ಥೆಯಲ್ಲಿ, ಸಾಮಾನ್ಯವಾಗಿ ಸ್ವಯಂಸೇವಕರೇ ಮಾಡುವ ಕೆಲಸವನ್ನು ಮಾತ್ರ ಮಾಡಬೇಕು. ಹಣವಾಗಲಿ, ಗಿಫ್ಟ್ ಕಾರ್ಡ್ ಆಗಲಿ, ಪ್ರತಿಫಲವಾಗಿ ಏನನ್ನೂ ತೆಗೆದುಕೊಳ್ಳಬಾರದು. ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆ ಮಾಡಿಕೊಟ್ಟರೂ ತೊಂದರೆಯಾಗಬಹುದು. ಅನುಮಾನವಿದ್ದರೆ ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಮಕ್ಕಳ ಜೊತೆ ಕೆಲಸ ಮಾಡುವ ಕಡೆ ಹಿನ್ನೆಲೆ ಪರಿಶೀಲನೆ ಇರುತ್ತದೆ. ಅದು ನಿಮ್ಮ ಮೇಲಿನ ಅಪನಂಬಿಕೆಯಲ್ಲ, ಎಲ್ಲರಿಗೂ ಇರುವ ನಿಯಮ. ಇಲ್ಲಿನ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೆ ಮೊದಲೇ ತಿಳಿಸಿ, ಬದಲಿಗೆ ಯಾವ ದಾಖಲೆ ಕೊಡಬಹುದೆಂದು ಕೇಳಿ.

ಸಭೆಯ ನಡವಳಿಕೆ ಮೊದಮೊದಲು ಬಿಗಿಯೆನಿಸಬಹುದು. ಹಿಂದಿನ ಸಭೆಯ ನಡಾವಳಿ ಓದುತ್ತಾರೆ, ಖಜಾಂಚಿ ಲೆಕ್ಕ ಒಪ್ಪಿಸುತ್ತಾರೆ, ಒಬ್ಬರು ಗೊತ್ತುವಳಿ ಮಂಡಿಸಿದರೆ ಇನ್ನೊಬ್ಬರು ಅನುಮೋದಿಸುತ್ತಾರೆ, ಆಮೇಲೆ ಮತ. ಎರಡು ಸಭೆ ಕಳೆದರೆ ಇದೆಲ್ಲ ರೂಢಿಯಾಗುತ್ತದೆ. ಇಂಗ್ಲಿಷ್ ಸರಾಗವಿಲ್ಲ ಎಂದು ಹಿಂಜರಿಯುವವರು ಕೈಕೆಲಸದಿಂದ ಶುರುಮಾಡಲಿ. ಗ್ರಂಥಾಲಯಕ್ಕಾಗಿ ನಡೆಸುವ ಹಳೆಯ ಪುಸ್ತಕಗಳ ಮಾರಾಟವನ್ನೇ ನೋಡಿ. ದಾನವಾಗಿ ಬಂದ ಪೆಟ್ಟಿಗೆಗಳನ್ನು ಬಿಚ್ಚಬೇಕು, ಬೂಷ್ಟು ಹಿಡಿದದ್ದನ್ನೂ ಹಾಳೆ ಕಿತ್ತುಹೋದದ್ದನ್ನೂ ತೆಗೆದಿಡಬೇಕು, ಮಕ್ಕಳ ಪುಸ್ತಕ, ಕಾದಂಬರಿ, ಇತಿಹಾಸ ಎಂದು ವಿಂಗಡಿಸಿ ಹೆಸರು ಕಾಣುವಂತೆ ಮೇಜಿನ ಮೇಲೆ ಜೋಡಿಸಬೇಕು. ಇದಕ್ಕೆ ಭಾಷಣ ಬೇಕಿಲ್ಲ. ಆದರೆ ಎದುರು ಬದುರು ನಿಂತು ಪುಸ್ತಕದ ಧೂಳು ಒರೆಸುವಾಗ ಮಾತು ತಾನಾಗಿ ಬೆಳೆಯುತ್ತದೆ. ಒಳ್ಳೆಯ ಮಕ್ಕಳ ವೈದ್ಯರು ಯಾರು, ಹಿಮ ಬಿದ್ದ ದಿನ ಶಾಲೆಗೆ ರಜೆಯೆಂದು ತಿಳಿಯುವುದು ಹೇಗೆ ಎಂಬುದೆಲ್ಲ ಅಲ್ಲೇ ಗೊತ್ತಾಗುತ್ತದೆ.

ಒಪ್ಪಿಕೊಂಡ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಹೋಗಿ. ಆಗದಿದ್ದರೆ ಮುಂಚೆಯೇ ತಿಳಿಸಿ, ಇಲ್ಲಿ ಅದಕ್ಕೆ ಬೇಸರಿಸುವುದಿಲ್ಲ. ಹೇಳದೆ ತಪ್ಪಿಸಿಕೊಂಡರೆ ಮಾತ್ರ ನಂಬಿಕೆ ಹೋಗುತ್ತದೆ. ಮಾಡಿದ ಗಂಟೆಗಳನ್ನು ದಿನಾಂಕದೊಂದಿಗೆ ಬರೆದಿಡಿ. ಮುಂದೆ ಉದ್ಯೋಗದ ಅನುಮತಿ ಸಿಕ್ಕಾಗ ಸ್ವವಿವರದಲ್ಲಿ ಖಾಲಿ ಬಿದ್ದ ವರ್ಷಗಳಿಗೆ ಆ ದಾಖಲೆಯೂ ಕ್ಲಬ್ಬಿನವರ ಶಿಫಾರಸು ಪತ್ರವೂ ಉಪಯೋಗಕ್ಕೆ ಬರುತ್ತವೆ.

ಮೊದಲ ಸಭೆಗೆ ಒಬ್ಬರೇ ಹೋಗಲು ಅಳುಕಿದ್ದರೆ ಸಂಘದ ಸ್ವಾಗತ ಸಮಿತಿಗೆ ತಿಳಿಸಿ, ನಮ್ಮವರಲ್ಲಿ ಒಬ್ಬರು ನಿಮ್ಮ ಜೊತೆಗೆ ಬರುತ್ತಾರೆ.