ಊರಿನ ಕೃಷಿ ಯೋಜನೆ: ಪ್ರಗತಿ ಅಳೆಯುವುದು, ವರದಿ ಬರೆಯುವುದು ಹೇಗೆ?

ಕೆಲವು ವರ್ಷದ ಹಿಂದೆ ಶಿರಸಿ ಹತ್ತಿರದ ಒಂದು ಹಳ್ಳಿಯಲ್ಲಿ ನಾವು ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಮೇಲೆ, ಮಳೆನೀರು ನೆಲಕ್ಕೆ ಇಳಿಯಲಿ ಅಂತ 500 ಇಂಗುಗುಂಡಿ ತೋಡಿಸಿದೆವು. ಮಳೆಗಾಲ ಹಿಡಿಯುವ ಮುಂಚೆ ಕೆಲಸ ಮುಗಿಯಿತು. ವರದಿ ಬರೆಯುವ ಜವಾಬ್ದಾರಿ ನನ್ನದು. ಗುರಿ 500, ಸಾಧನೆ 500, ಶೇಕಡ 100. ಹಣವೂ ಪೂರ್ತಿ ಖರ್ಚು. ಫೋಟೊ ಅಂಟಿಸಿ ಕಳಿಸಿದೆ. ಊರಿನ ಸಭೆಯಲ್ಲೂ ಅದನ್ನೇ ಓದಿದೆ.

ಹಿಂದಿನ ಸಾಲಿನಲ್ಲಿ ಕುಳಿತ ಒಬ್ಬ ಅಜ್ಜ ಕೇಳಿದರು: "ತಮಾ, ಗುಂಡಿ ಲೆಕ್ಕ ಆತು. ಬಾವಿ ನೀರು ಎಷ್ಟು ಏರಿದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನೀರು ಏರಿದ್ದರೂ ಏರಿರಬಹುದು. ಆದರೆ ಗುಂಡಿ ತೋಡುವ ಮುಂಚೆ ಎಷ್ಟಿತ್ತು ಅಂತ ಯಾರೂ ಅಳೆದಿಟ್ಟಿರಲಿಲ್ಲ. ಹೋದ ಬೇಸಿಗೆಯ ಅಳತೆಯನ್ನು ಈ ಬೇಸಿಗೆಯಲ್ಲಿ ಹೋಗಿ ತರಲು ಆಗುವುದಿಲ್ಲ ಅಲ್ವಾ? ಆಮೇಲೆ ಬೇರೆ ಬೇರೆ ಊರಿನಲ್ಲಿ ಕೆಲಸ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಸೊಸೈಟಿ, ಸ್ವಸಹಾಯ ಸಂಘ, ರೈತ ಉತ್ಪಾದಕ ಕಂಪನಿ, ಪಂಚಾಯಿತಿ, ಯಾರೇ ಯೋಜನೆ ನಡೆಸಿದರೂ ಉಪಯೋಗಕ್ಕೆ ಬಂದೀತು.

ಮೊದಲು ನಾಲ್ಕು ಕಾಲಂ ಹಾಕಿ

ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ. ಕೊಟ್ಟದ್ದು, ಮಾಡಿದ್ದು, ಉಳಿದದ್ದು, ಬದಲಾದದ್ದು.

ಕಾಳುಮೆಣಸಿನ ಯೋಜನೆ ಅಂತ ಇಟ್ಟುಕೊಳ್ಳಿ. ಸಸಿಗೆ ಹಣ ಕೊಟ್ಟಿರಿ. ಜೂನ್‌ನಲ್ಲಿ ಅಡಿಕೆ ಮರದ ಬುಡಕ್ಕೆ ಬಳ್ಳಿ ನೆಟ್ಟಿರಿ. ಎರಡು ಮಳೆಗಾಲ ಕಳೆದ ಮೇಲೆ ಸೊರಗು ರೋಗಕ್ಕೆ ಹೋಗಿದ್ದು ಹೋಗಿ ಎಷ್ಟು ಬಳ್ಳಿ ಉಳಿಯಿತು? ಮೂರು-ನಾಲ್ಕು ವರ್ಷಕ್ಕೆ ಫಸಲು ಶುರುವಾದಾಗ ಮನೆಗೆ ಎಷ್ಟು ಕಿಲೋ ಮೆಣಸು ಬಂತು?

ಇಲಾಖೆಗಳ ಪ್ರಗತಿ ನೋಡುವ ತಾಲ್ಲೂಕಿನ ಕೆಡಿಪಿ ಸಭೆಯ ಪಟ್ಟಿ ನೋಡಿದವರಿಗೆ ಗೊತ್ತು. ಅಲ್ಲಿ ಭೌತಿಕ ಗುರಿ-ಸಾಧನೆ, ಆರ್ಥಿಕ ಗುರಿ-ಸಾಧನೆ ಅಂತ ಇರುತ್ತದೆ. ಅಂದರೆ ಮೊದಲ ಎರಡು ಕಾಲಂ. ಅವೂ ಬೇಕು, ಹಣದ ಲೆಕ್ಕ ಕೊಡದೆ ಆಗುತ್ತದಾ? ಆದರೆ ಕೃಷಿಯಲ್ಲಿ ಅಸಲು ಸಂಗತಿ ಇರುವುದು ಮೂರನೆಯ ಮತ್ತು ನಾಲ್ಕನೆಯ ಕಾಲಂನಲ್ಲಿ. ಅವು ಮಾರ್ಚ್ 31ಕ್ಕೆ ಸರಿಯಾಗಿ ತುಂಬುವಂಥವೂ ಅಲ್ಲ. ಆದ್ದರಿಂದ ಯಾವ ಕಾಲಂ ಯಾವ ವರ್ಷ, ಯಾವ ತಿಂಗಳು ತುಂಬಬೇಕು ಅಂತ ಮೊದಲ ದಿನವೇ ಬರೆದಿಡಿ.

ಅಳೆಯುವ ಸಂಗತಿ ಜಾಸ್ತಿ ಮಾಡಿಕೊಳ್ಳಬೇಡಿ. 20 ಸಂಗತಿ ಬರೆದುಕೊಂಡ ಸಂಘ ಎರಡನೆಯ ತಿಂಗಳಿಗೇ ಕೈಬಿಟ್ಟಿದ್ದನ್ನು ಕಂಡಿದ್ದೇನೆ. ಮೂರೋ ನಾಲ್ಕೋ ಸಾಕು.

ಕೆಲಸ ಶುರುವಾಗುವ ಮುಂಚಿನ ಅಳತೆ

ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ಸುಮ್ನೆ. ಬಾವಿಯನ್ನೇ ತೆಗೆದುಕೊಳ್ಳೋಣ.

ಬೇಕಾಗುವುದು ಒಂದು ಹಗ್ಗ, ತುದಿಗೆ ಒಂದು ಭಾರದ ಕಲ್ಲು, ಒಂದು ಅಳತೆ ಟೇಪು. ಹಗ್ಗ ನೈಲಾನಿನದ್ದಾದರೆ ಎಳೆದಂತೆ ಸ್ವಲ್ಪ ಉದ್ದವಾಗುತ್ತದೆ, ಆದ್ದರಿಂದ ಗಂಟು ಹಾಕಿ ಲೆಕ್ಕ ಹಿಡಿಯುವ ಬದಲು ಪ್ರತಿ ಸಲ ಟೇಪಿನಲ್ಲಿ ಅಳೆಯಿರಿ. ಬಾವಿ ಕಟ್ಟೆಯ ಮೇಲೆ ಒಂದು ಕಡೆ ಕೆಂಪು ಪೇಂಟಿನಲ್ಲಿ ಗೆರೆ ಎಳೆಯಿರಿ. ಯಾವಾಗಲೂ ಅದೇ ಗೆರೆಯಿಂದ ಕಲ್ಲು ಇಳಿಸಬೇಕು. ಕಲ್ಲು ನೀರಿಗೆ ತಾಗಿದ ಸದ್ದು ಕೇಳಿದ ಕೂಡಲೇ ಗೆರೆಯ ಹತ್ತಿರ ಹಗ್ಗವನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಮೇಲೆಳೆದು ನೆಲದ ಮೇಲೆ ಚಾಚಿ ಅಳೆಯಿರಿ. ಬೆಳಿಗ್ಗೆ, ಪಂಪು ಹಾಕುವ ಮುಂಚೆ. ಪಂಪು ಓಡಿದ ಮೇಲೆ ಅಳೆದರೆ ಪಂಪಿನ ಲೆಕ್ಕ ಬರುತ್ತದೆ, ಬಾವಿಯದ್ದು ಬರುವುದಿಲ್ಲ.

ಯಾವಾಗ ಅಳೆಯಬೇಕು? ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ನೋಡುತ್ತಾರೆ. ನಮಗೆ ಆಗಸ್ಟಿನ ಅಳತೆಯಿಂದ ಹೆಚ್ಚು ತಿಳಿಯುವುದಿಲ್ಲ. ಘಟ್ಟದ ಮೇಲೆ ಆಗ ಕೆಲವು ಬಾವಿಯಲ್ಲಿ ಕೈಯಿಂದ ನೀರು ಮೊಗೆಯಬಹುದು. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಳಿದುಹೋಗುತ್ತದೆ. ತೋಟಕ್ಕೆ ಕಷ್ಟ ಬರುವುದು ಮಾರ್ಚ್‌ನಿಂದ ಮೇ ತನಕ. ಹಾಗಾಗಿ ನವೆಂಬರಿನಲ್ಲಿ ಒಂದು ಅಳತೆ, ಆಮೇಲೆ ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ 15ನೇ ತಾರೀಖು ಒಂದೊಂದು. ಮೊದಲ ಸುತ್ತು ಗುದ್ದಲಿ ಬೀಳುವ ಮುಂಚೆ ಆಗಿರಬೇಕು.

ಕೆಲಸ ಆಗಲೇ ಶುರುವಾಗಿ ಹೋಗಿದ್ದರೆ? ಪೂರ್ತಿ ಕೈಚೆಲ್ಲಬೇಡಿ. ಮನೆಯ ಹೆಂಗಸರನ್ನು ಕೇಳಿ. ದಿನಾ ನೀರು ಸೇದಿದವರಿಗೆ ಹಗ್ಗ ಎಲ್ಲಿ ತನಕ ಇಳಿಯುತ್ತಿತ್ತು ಅಂತ ನೆನಪಿರುತ್ತದೆ. "ಎಷ್ಟು ನೀರಿತ್ತು?" ಅಂತ ಕೇಳಿದರೆ ಉತ್ತರ ಹಾರಿಕೆಯದಾಗುತ್ತದೆ. "ಹೋದ ವರ್ಷ ತೋಟಕ್ಕೆ ನೀರು ಬಿಡುವುದನ್ನು ಯಾವ ತಿಂಗಳು ನಿಲ್ಲಿಸಿದಿರಿ?" ಅಂತ ಕೇಳಿ. ಮದುವೆ, ಹಬ್ಬ, ಶಿರಸಿ ಜಾತ್ರೆ ಹಿಡಿದು ಸರಿಯಾದ ಉತ್ತರ ಕೊಡುತ್ತಾರೆ. ಅಡಿಕೆ ಇಳುವರಿಯ ಹಳೆಯ ಲೆಕ್ಕವಂತೂ ನಮ್ಮ ಕಡೆ ಕಾಗದದ ಮೇಲೇ ಇದೆ. 1923ರಲ್ಲಿ ಶುರುವಾದ, ಶಿರಸಿಯ ತೋಟಗಾರರ ಟಿಎಸ್ಎಸ್‌ನಂಥ ಸೊಸೈಟಿಗೆ ಅಡಿಕೆ ಹಾಕುವ ಮನೆಯಲ್ಲಿ ವರ್ಷವರ್ಷದ ವಿಕ್ರಿ ಪಟ್ಟಿ ಸಿಗುತ್ತದೆ. ಅದನ್ನು ನೋಡುವಾಗ ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ಎಷ್ಟು, ರಾಶಿ (ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದ ಕೆಂಪಡಿಕೆ) ಎಷ್ಟು ಅಂತ ಬೇರೆ ಬೇರೆ ಬರೆದುಕೊಳ್ಳಿ. ಎರಡನ್ನೂ ಕೂಡಿಸಿ ಒಂದೇ ಕ್ವಿಂಟಾಲ್ ಮಾಡಿದರೆ ಮುಂದಿನ ವರ್ಷ ಹೋಲಿಸಲು ಬರುವುದಿಲ್ಲ.

ಯಾವ ಮನೆ, ಯಾವ ಬಾವಿ?

ರಸ್ತೆ ಪಕ್ಕದ ತೋಟ, ಸಂಘದ ಅಧ್ಯಕ್ಷರ ತೋಟ, ಚಹಾ ಕೊಡುವ ಮನೆ. ಅಳೆಯಲು ಹೋದವರು ಹೆಚ್ಚಾಗಿ ಹೋಗುವುದು ಅಲ್ಲಿಗೇ. ಯಾರದ್ದೂ ಮೋಸ ಅಲ್ಲ, ಸಲೀಸು ಅಷ್ಟೇ. ಆದರೆ ಒಳ್ಳೆಯ ನೀರು, ಒಳ್ಳೆಯ ಆಳು, ಒಳ್ಳೆಯ ಗೊಬ್ಬರ ಇರುವುದೂ ಅಂಥ ತೋಟದಲ್ಲೇ. ಹಳ್ಳದ ಸಂಕ (ಕಾಲುಸೇತುವೆ) ದಾಟಿ ಹೋಗಬೇಕಾದ ಮನೆಯ ಬಳ್ಳಿ ಸತ್ತಿದ್ದು ವರದಿಗೆ ಬರುವುದೇ ಇಲ್ಲ.

ಚೀಟಿ ಎತ್ತಿ. ಯೋಜನೆಯಲ್ಲಿ 60 ಮನೆ ಇದ್ದರೆ 60 ಚೀಟಿ ಒಂದು ಡಬ್ಬಿಗೆ ಹಾಕಿ, ಸಭೆಯಲ್ಲಿ ಎಲ್ಲರೆದುರು ಒಂದು ಮಗುವಿನ ಕೈಯಿಂದ 12 ಎತ್ತಿಸಿ. ಆ 12 ಮನೆಗೆ ಹೋಗಲೇಬೇಕು, ಬದಲಾಯಿಸುವಂತಿಲ್ಲ. ತೋಟದೊಳಗೆ ಹೋದ ಮೇಲೆ ಪ್ರತಿ ಹತ್ತನೆಯ ಬಳ್ಳಿ ನೋಡಿ. ಸಸಿ ನೆಟ್ಟ ಮರಕ್ಕೆ ಪೇಂಟಿನ ಬೊಟ್ಟು ಇಟ್ಟಿದ್ದರೆ ಹಳೆಯ ಬಳ್ಳಿ ಲೆಕ್ಕಕ್ಕೆ ಸೇರುವ ತೊಂದರೆ ಇಲ್ಲ.

ಇನ್ನೊಂದು ಮುಖ್ಯ ಸಂಗತಿ. ಯೋಜನೆಯ ಹೊರಗಿನ ಎರಡು ಬಾವಿಯನ್ನೂ ಅಳೆಯಿರಿ. ಗುಂಡಿ ತೋಡಿದ ವರ್ಷವೇ ಮಳೆ ಜಾಸ್ತಿ ಬಂದರೆ? ಬೆಟ್ಟದ ಆಚೆ ಬದಿಯಲ್ಲಿ ಗುಂಡಿ ತೋಡದ ಕಡೆಯ ಬಾವಿಯೂ ಅಷ್ಟೇ ಏರಿದ್ದರೆ, ಹೆಚ್ಚಿನ ಪಾಲು ಮಳೆಯದ್ದು ಅಂತ ತಿಳಿಯುತ್ತದೆ. ಆ ಬಾವಿ ಹತ್ತಿರದ್ದೇ ಆಗಿರಲಿ. ದೇವಿಮನೆ ಘಟ್ಟದ ಕಡೆಯ ಮಳೆಗೂ ಬನವಾಸಿ ಕಡೆಯ ಮಳೆಗೂ ಹೋಲಿಕೆಯೇ ಇಲ್ಲ, ಒಂದೇ ತಾಲ್ಲೂಕಾದರೂ.

ಮಳೆ ಅಳೆಯಲು ನೇರ ಗೋಡೆಯ, ಸಪಾಟು ತಳದ ಎತ್ತರದ ಡಬ್ಬಿ ಸಾಕು. ಬಯಲಿನಲ್ಲಿ, ಮರದ ಹನಿ ಬೀಳದ ಕಡೆ ಇಡಿ. ಬೆಳಿಗ್ಗೆ 8.30ಕ್ಕೆ ಸ್ಕೇಲು ಅದ್ದಿ ನೋಡಿ. ಹವಾಮಾನ ಇಲಾಖೆಯ ಹೊತ್ತೂ ಅದೇ. ಎಷ್ಟು ಮಿಲಿಮೀಟರ್ ನೀರು ನಿಂತಿದೆಯೋ ಅಷ್ಟು ಮಳೆ.

ಕಾಗದದ ಮೇಲೆ ಬೆಳೆಯುವ ಲೆಕ್ಕ

10 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳದ ಗುಂಡಿ ಒಮ್ಮೆ ತುಂಬಿದರೆ ಸುಮಾರು 1,130 ಲೀಟರ್ ನೀರು. 500 ಗುಂಡಿಗೆ 5,65,000 ಲೀಟರ್. ಇಲ್ಲಿ ತನಕ ಸರಿ. ಆದರೆ ವರದಿಗಳು ಇದನ್ನು ಮಳೆ ಬಂದ ದಿನಗಳಿಂದ ಗುಣಿಸಿ "ಇಷ್ಟು ಕೋಟಿ ಲೀಟರ್ ಇಂಗಿಸಿದೆವು" ಅನ್ನುತ್ತವೆ. ಗುಂಡಿ ಎಷ್ಟು ಸಲ ತುಂಬಿತು, ಎಷ್ಟು ಸಲ ಉಕ್ಕಿ ಹರಿಯಿತು, ಯಾರು ನೋಡಿದ್ದಾರೆ? ಅದರ ಬದಲು ಮೊದಲ ಜೋರು ಮಳೆ ಆದ ಮೇಲೆ ಬೆಟ್ಟ ಹತ್ತಿ, 50 ಗುಂಡಿಗೆ ಕೋಲು ಇಳಿಸಿ ಹೂಳು ಎಷ್ಟು ತುಂಬಿದೆ ನೋಡಿ. 2 ಅಡಿ ಆಳ ಒಂದೇ ಮಳೆಗಾಲದಲ್ಲಿ 1 ಅಡಿಗೆ ಇಳಿದಿದ್ದರೆ ಅದು ವರದಿಯಲ್ಲಿ ಬರಬೇಕಾದ ಸುದ್ದಿ. ಗುಂಡಿಯ ಜಾಗ ಬದಲಿಸಬೇಕಾ, ಮೇಲಿನ ಮಣ್ಣು ಹಿಡಿದು ನಿಲ್ಲಿಸಬೇಕಾ ಅಂತ ಅದರಿಂದ ತಿಳಿಯುತ್ತದೆ.

ಘಟ್ಟದ ಕೆಳಗಿನ ಗಜನಿಯಲ್ಲಿ

ಕುಮಟಾ ಕಡೆಯ ಗಜನಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಲೆಕ್ಕ ಬೇರೆ. 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆ ಪ್ರದೇಶದ ಅಂಚಿನಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಅಲ್ಲಿ ಒಡ್ಡು ಕಟ್ಟಿದರೆ "ಇಷ್ಟು ಮೀಟರ್ ಒಡ್ಡು, ಇಷ್ಟು ಎಕರೆಗೆ ರಕ್ಷಣೆ" ಅಂತ ಬರೆದುಬಿಡುತ್ತೇವೆ. ರಕ್ಷಣೆ ಸಿಕ್ಕಿತೇ ಅಂತ ನೋಡಲು ಹುಣ್ಣಿಮೆ, ಅಮಾವಾಸ್ಯೆಗಳೇ ಸರಿಯಾದ ಹೊತ್ತು. ಆಗ ಉಬ್ಬರ ದೊಡ್ಡದು. ಆ ದಿನಗಳಲ್ಲಿ ಒಡ್ಡಿನ ಒಳಬದಿಯಲ್ಲಿ ನಡೆದು ನೋಡಿ. ಏಡಿ ಬಿಲದಿಂದ ನೀರು ಜಿನುಗುವ ಜಾಗಕ್ಕೆ ಗೂಟ ಹೊಡೆಯಿರಿ. ಗೂಟದ ಲೆಕ್ಕ, ತಾರೀಖು ಬರೆಯಿರಿ. ಒಡ್ಡಿನಲ್ಲಿ ನೀರು ತಡೆಯುವ ಹಲಗೆ ಬಾಗಿಲು ಯಾವ ದಿನ ಹಾಕಿದರು, ಯಾವ ದಿನ ತೆಗೆದರು ಅನ್ನುವುದೂ ಬೇಕು.

ಇಳುವರಿಗೆ ಮುಡಿ, ಖಂಡಿ, ಕೊಳಗದ ಲೆಕ್ಕ ಕೇಳಿ ಬರೆಯಬೇಡಿ. ಅವು ಊರಿಂದ ಊರಿಗೆ ಬದಲಾಗುತ್ತವೆ. ಕೊಯ್ಲಿನ ದಿನ 5 ಮೀಟರ್ ಚೌಕ ಅಳೆದು ಹಗ್ಗ ಕಟ್ಟಿ, ಅಷ್ಟನ್ನೇ ಕೊಯ್ದು ಬಡಿದು ತೂಗಿ. ಒಣಗಿಸಿ ಮತ್ತೊಮ್ಮೆ ತೂಗಿ. ಒಣ ತೂಕವನ್ನು 162ರಿಂದ ಗುಣಿಸಿದರೆ ಎಕರೆಯ ಇಳುವರಿ. ಚೌಕದಲ್ಲಿ 6 ಕಿಲೋ ಬಂದರೆ ಎಕರೆಗೆ ಸುಮಾರು 970 ಕಿಲೋ. ಚೌಕದ ಜಾಗವನ್ನೂ ಚೀಟಿ ಎತ್ತಿಯೇ ಗೊತ್ತುಮಾಡಿ. ತೆನೆ ತೂಗುವ ಕಡೆ ಕಣ್ಣು ತಾನಾಗೇ ಹೋಗುತ್ತದೆ.

ಫೋಟೊ ಮತ್ತು ನೋಟ್‌ಬುಕ್

ಜಿಪಿಎಸ್ ಫೋಟೊ ಈಗ ಎಲ್ಲ ಯೋಜನೆಯಲ್ಲೂ ಕೇಳುತ್ತಾರೆ. ಜಾಗ ಹೌದೋ ಅಲ್ಲವೋ ಅಂತ ಅದರಿಂದ ಗೊತ್ತಾಗುತ್ತದೆ, ಬದಲಾವಣೆ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಕಲ್ಲು ನೆಟ್ಟು, ಅದರ ಮೇಲೆ ನಿಂತು, ಅದೇ ಮರ ಚೌಕಟ್ಟಿನಲ್ಲಿ ಬರುವಂತೆ, ಪ್ರತಿ ವರ್ಷ ಅದೇ ತಿಂಗಳು ತೆಗೆಯಿರಿ. ಜುಲೈನಲ್ಲಿ ತುಂಬಿದ ಕೆರೆಯ ಫೋಟೊ ಚಂದ ಕಾಣುತ್ತದೆ. ಏಪ್ರಿಲ್‌ದು ತೆಗೆಯಿರಿ.

ಜೋಯಿಡಾ, ಸಿದ್ದಾಪುರದ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಆದ್ದರಿಂದ ಮೊದಲು ನೋಟ್‌ಬುಕ್, ಆಮೇಲೆ ಮೊಬೈಲು. ಮಳೆಗಾಲದಲ್ಲಿ ಒದ್ದೆಯಾದ ಹಾಳೆಯಲ್ಲಿ ಪೆನ್ನು ಹಿಡಿಯುವುದಿಲ್ಲ, ಪೆನ್ಸಿಲ್ ಒಯ್ಯಿರಿ. ತಪ್ಪಾದರೆ ಉಜ್ಜಬೇಡಿ. ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆಯಿರಿ. ಅಳೆಯಲು ಇಬ್ಬರು ಹೋಗಬೇಕು, ಇಬ್ಬರೂ ಸಹಿ ಹಾಕಬೇಕು. ಹಣದ ಲೆಕ್ಕ ಬರೆಯುವವರೇ ಅಳತೆಯನ್ನೂ ಬರೆಯುವುದು ಬೇಡ.

ವರದಿ ಒಂದೇ ಪುಟ

ಏನು ಮಾಡುತ್ತೇವೆ ಅಂದಿದ್ದೆವು, ಏನಾಯಿತು, ಅಳತೆ ಏನು ಹೇಳುತ್ತದೆ, ಏನಾಗಲಿಲ್ಲ ಮತ್ತು ಯಾಕೆ, ಮುಂದಿನ ಮೂರು ತಿಂಗಳು ಏನು. ಖರ್ಚಿನ ಪಟ್ಟಿ ಹಿಂದಿನ ಪುಟಕ್ಕೆ. ನಾವು ಬರೆಯುವ ಮಾದರಿ ಹೀಗಿರುತ್ತದೆ, ಅಂಕಿಗಳು ಉದಾಹರಣೆಗೆ ಮಾತ್ರ:

"ಮೇ 15ರಂದು 8 ಬಾವಿ ನೋಡಿದೆವು. 5ರಲ್ಲಿ ನೀರು ಹೋದ ವರ್ಷಕ್ಕಿಂತ 2ರಿಂದ 3 ಅಡಿ ಮೇಲಿದೆ. 3ರಲ್ಲಿ ಹಾಗೇ ಇದೆ. ಬೆಟ್ಟದ ಆಚೆಯ 2 ಬಾವಿಯಲ್ಲೂ 1 ಅಡಿ ಏರಿದೆ. ಈ ಸಲ ಮೇ ಮೊದಲ ವಾರ ಮಳೆ ಬಂದಿತ್ತು. ಹಾಗಾಗಿ ಏರಿಕೆ ಪೂರ್ತಿ ಗುಂಡಿಯಿಂದಲೇ ಅನ್ನುವಂತಿಲ್ಲ. ಮೇಲಿನ ಸಾಲಿನ 40 ಗುಂಡಿ ಹೂಳು ತುಂಬಿವೆ. ಅಕ್ಟೋಬರಿನಲ್ಲಿ ಹೂಳು ತೆಗೆಸುತ್ತೇವೆ."

"ಆಗಲಿಲ್ಲ" ಅನ್ನುವ ಸಾಲು ಬರೆಯಲು ಕೈ ಹಿಂಜರಿಯುತ್ತದೆ. ಒಮ್ಮೆ ಹಣ ಕೊಟ್ಟ ಒಂದು ಕಚೇರಿಯಿಂದ ನಮ್ಮ ವರದಿ ವಾಪಸ್ ಬಂತು. ಸತ್ತ ಸಸಿಯ ಲೆಕ್ಕ ತೆಗೆದು ಕಳಿಸಿ ಅಂದರು. ನಾವು ತೆಗೆಯಲಿಲ್ಲ. ಸಸಿ ಸತ್ತ ಜಾಗ ಯಾವುದು, ಅಲ್ಲಿ ನೀರು ನಿಲ್ಲುತ್ತಿತ್ತಾ, ಯಾವ ತಿಂಗಳು ನೆಟ್ಟಿದ್ದು ಅಂತ ಇನ್ನೂ ನಾಲ್ಕು ಸಾಲು ಸೇರಿಸಿ ಕಳಿಸಿದೆವು. ಮುಂದಿನ ಜೂನ್‌ನಲ್ಲಿ ಬಸಿಗಾಲುವೆ ತೋಡಿದ ಮೇಲೇ ಸಸಿ ನೆಡಿಸಿದೆವು. ಆ ನಾಲ್ಕು ಸಾಲು ಇಲ್ಲದಿದ್ದರೆ ಅದೇ ಜೌಗಿನಲ್ಲಿ ಮತ್ತೆ ನೆಡುತ್ತಿದ್ದೆವು.

ಊರೆದುರು ಓದಿ

2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಸೆಕ್ಷನ್ ಸಾಮಾಜಿಕ ಪರಿಶೋಧನೆಯ (ಕೆಲಸ, ಲೆಕ್ಕವನ್ನು ಊರವರೇ ಪರಿಶೀಲಿಸುವ) ಹೊಣೆಯನ್ನು ಗ್ರಾಮಸಭೆಗೆ ಕೊಟ್ಟಿತ್ತು. ನಿಮ್ಮ ಯೋಜನೆ ಯಾವುದೇ ಇರಲಿ, ವರದಿ ಮೇಲೆ ಕಳಿಸುವ ಮುಂಚೆ ಊರಿನಲ್ಲಿ ಓದಿ. ಕೊಯ್ಲಿನ ಗಡಿಬಿಡಿ ಇಲ್ಲದ ದಿನ, ಸಂಜೆ ಹೊತ್ತು. ಬಾವಿಯ ಯಜಮಾನರ ಎದುರೇ ಅವರ ಬಾವಿಯ ಅಂಕಿ ಓದಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. "ಅವತ್ತು ನಮ್ಮನೆ ಪಂಪು ಬೆಳಿಗ್ಗೆ ಐದಕ್ಕೇ ಹಾಕಿದ್ದೆ" ಅಂತ ಯಾರಾದರೂ ಅಂದರೆ ಆ ಅಂಕಿಗೆ ಗೆರೆ ಹೊಡೆದು, ಕಾರಣ ಬರೆದು, ಮರುದಿನ ಮತ್ತೆ ಅಳೆಯಿರಿ.

ಓದಿದ ಪ್ರತಿ ಒಂದನ್ನು ಸೊಸೈಟಿಯ ಬೋರ್ಡಿಗೆ ಅಂಟಿಸಿ. ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೊ ಇಬ್ಬರ ಮೊಬೈಲಿನಲ್ಲಿ ಇರಲಿ. ಮೂಲ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಳೆಗಾಲದ ತೇವ ಮುಟ್ಟದ ಕಡೆ ಇಡಿ. ನಮ್ಮದು ಈಗ ಒಬ್ಬರ ಮನೆಯ ಅಡಿಗೆ ಒಲೆಯ ಮೇಲಿನ ಅಟ್ಟದಲ್ಲಿದೆ. ಹೊಗೆ ಹಿಡಿದು ರಟ್ಟು ಕಪ್ಪಾಗಿದೆ, ಒಳಗಿನ ಪೆನ್ಸಿಲ್ ಅಂಕಿ ಒಂದೂ ಅಳಿಸಿಲ್ಲ.