ಕಚ್ಚುವ ಮೊದಲು ಅದ್ದಿ: ಬಿಸ್ಕಾಟಿ ಮಾಡುವುದು, ತಿನ್ನುವುದು

ಕೆಫೆಯ ಗಾಜಿನ ಜಾಡಿಯಲ್ಲಿ ಕಂಡ ಬಿಸ್ಕಾಟಿ ಎಂಬ ಬಾದಾಮಿ ಬಿಸ್ಕೆಟ್ಟನ್ನು ಆಸೆಪಟ್ಟು ಕೊಂಡು, ಮೊದಲ ಸಲ ಕಚ್ಚಿದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಯಾವ ಕಾಲದ್ದೋ ಕೊಟ್ಟಿದ್ದಾರೆ!’ ದುಡ್ಡೂ ಜಾಸ್ತಿ, ಹಲ್ಲಿಗೂ ಕೆಲಸ. ಆದರೆ ಅದು ಹಳೇದಲ್ಲ, ಮಾಡುವುದೇ ಹಾಗೆ. ಚೆನ್ನಾಗಿ ಒಣಗಿ ಗಟ್ಟಿಯಾಗಲಿ ಅಂತಲೇ ಎರಡು ಸಲ ಬೇಕ್ ಮಾಡುತ್ತಾರೆ. ನಮ್ಮ ಅಯ್ಯಂಗಾರ್ ಬೇಕರಿಯ ರಸ್ಕನ್ನು ಒಣಗಿದ ಬ್ರೆಡ್ ಅಂತ ಯಾರೂ ದೂರುವುದಿಲ್ಲ, ಅಲ್ವಾ? ಸೀದಾ ಕಾಫಿಗೆ ಅದ್ದುತ್ತೇವೆ. ಬಿಸ್ಕಾಟಿಗೂ ಅದೇ ಮರ್ಯಾದೆ ಕೊಡಬೇಕು.

ಇದರ ಊರು ಇಟಲಿಯ ಟಸ್ಕನಿ. ಫ್ಲಾರೆನ್ಸ್ ಪಕ್ಕದ ಪ್ರಾತೊ ಪಟ್ಟಣದಲ್ಲಿ ಆಂಟೋನಿಯೊ ಮತ್ತೇಯಿ ಎಂಬಾತ 1858ರಲ್ಲಿ ತೆರೆದ ಅಂಗಡಿಯಿಂದ ಈ ಬಾದಾಮಿ ಬಿಸ್ಕಾಟಿಗೆ ದೊಡ್ಡ ಹೆಸರು ಬಂತು. 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೂ ಮೆಚ್ಚುಗೆ ಸಿಕ್ಕಿತು. ಅಂಗಡಿ ಈಗಲೂ ಇದೆ. ಅದರ ನೀಲಿ ಕಾಗದದ ಪೊಟ್ಟಣ ಅಲ್ಲಿನವರಿಗೆಲ್ಲ ಗೊತ್ತು. ಆ ಕಡೆ ಹೋದರೆ ಸುಮ್ನೆ ‘ಬಿಸ್ಕಾಟಿ’ ಅಂತ ಕೇಳಬೇಡಿ. ಅಲ್ಲಿ ಎಲ್ಲ ಬಿಸ್ಕೆಟ್ಟಿಗೂ ಅದೇ ಹೆಸರು. ‘ಕಾಂತುಚ್ಚಿ’ ಅಂದರೆ ಇದನ್ನು ಕೊಡುತ್ತಾರೆ.

ಪ್ರಾತೊದ ಹಳೇ ಕ್ರಮದಲ್ಲಿ ಬೆಣ್ಣೆ ಇಲ್ಲ, ಎಣ್ಣೆಯೂ ಇಲ್ಲ. ಹಿಟ್ಟು, ಸಕ್ಕರೆ, ಮೊಟ್ಟೆ, ಬಾದಾಮಿ ಅಷ್ಟೇ, ಜೊತೆಗೆ ಕೆಲವರದು ಒಂದಿಷ್ಟು ಪೈನ್ ಬೀಜ. ಇದರ ಗುಣಗಳೆಲ್ಲ ಇಲ್ಲಿಂದಲೇ ಶುರು. ಬೇರೆ ಜಿಡ್ಡು ಹಾಕದ್ದರಿಂದ ಬೇಗ ಕಮಟುವುದಿಲ್ಲ. ಎರಡನೇ ಬೇಕಿಂಗ್‌ನಲ್ಲಿ ನೀರಿನಂಶ ಹೋಗುವುದರಿಂದ ಬೂಷ್ಟು ಹಿಡಿಯುವುದಿಲ್ಲ. ಫ್ರಿಜ್ ಬೇಡ, ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ, ಪ್ರಯಾಣದಲ್ಲಿ ಪುಡಿಯಾಗುವುದಿಲ್ಲ. ಹಾಗಂತ ಡಯಟ್ ತಿಂಡಿ ಅಂದ್ಕೋಬೇಡಿ. ಕೆಳಗಿನ ಅಳತೆ ನೋಡಿದರೆ ಸಕ್ಕರೆ ಎಷ್ಟಿದೆ ಅಂತ ಗೊತ್ತಾಗುತ್ತದೆ.

ಬೆಣ್ಣೆ ಹಾಕಿ ಮೆತ್ತಗೆ ಮಾಡಿ, ಚಾಕೊಲೇಟ್‌ನಲ್ಲಿ ಮುಳುಗಿಸಿದ ಅಂಗೈಯುದ್ದದ ಬಿಸ್ಕಾಟಿಯೂ ಸಿಗುತ್ತದೆ. ರುಚಿ ಚೆನ್ನಾಗಿಯೇ ಇರುತ್ತದೆ. ಆದರೆ ಅದು ದಪ್ಪ ಕುಕ್ಕಿ, ಕಾಫಿಗೆ ಹಾಕಿದ ಕೂಡಲೇ ಅರ್ಧ ತಳ ಸೇರುತ್ತದೆ.

ಹಿಟ್ಟು ಕಲಸುವುದು

ಮೈದಾ 250 ಗ್ರಾಂ, ಸಕ್ಕರೆ 170 ಗ್ರಾಂ, ಬಾದಾಮಿ 150 ಗ್ರಾಂ, ಎರಡು ಮೊಟ್ಟೆ, ಮೇಲೊಂದು ಮೊಟ್ಟೆಯ ಹಳದಿ ಭಾಗ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಕಿತ್ತಳೆ ಅಥವಾ ನಿಂಬೆ ಸಿಪ್ಪೆಯ ತುರಿ ಸ್ವಲ್ಪ ಇದ್ದರೆ ಒಳ್ಳೆಯದು. ತುರಿಯುವಾಗ ಬಣ್ಣದ ಭಾಗ ಮಾತ್ರ ಬರಲಿ, ಬಿಳಿ ಭಾಗ ಕಹಿ. ಬಾದಾಮಿಯನ್ನು ನೆನೆಹಾಕಬೇಡಿ, ಸಿಪ್ಪೆ ತೆಗೆಯಬೇಡಿ, ಹೆಚ್ಚಲೂಬೇಡಿ. ಇಡೀ ಬಾದಾಮಿಯೇ ಇರಬೇಕು.

ಮೊಟ್ಟೆ, ಹಳದಿ ಭಾಗ, ಸಕ್ಕರೆ ಸೇರಿಸಿ ಬಣ್ಣ ತುಸು ತಿಳಿಯಾಗುವವರೆಗೆ ಗೊಟಾಯಿಸಿ. ಒಣ ಪದಾರ್ಥಗಳನ್ನು ಜರಡಿ ಹಿಡಿದು ಸೇರಿಸಿ. ಕೊನೆಗೆ ಬಾದಾಮಿ, ತುರಿ. ಹಿಟ್ಟು ಕೈಗೆ ಅಂಟುತ್ತದೆ. ಅಂಟಿತು ಅಂತ ಮೈದಾ ಸುರಿಯುತ್ತಾ ಹೋದರೆ ಬಿಸ್ಕಾಟಿ ಇಟ್ಟಿಗೆಯೇ ಆಗುತ್ತದೆ. ಕೈ ಒದ್ದೆ ಮಾಡಿಕೊಂಡು ಕೆಲಸ ಮಾಡಿ, ಸಾಕು.

ಹಿಟ್ಟನ್ನು ಎರಡು ಪಾಲು ಮಾಡಿ, ಬೇಕಿಂಗ್ ಪೇಪರ್ ಹಾಸಿದ ಟ್ರೇ ಮೇಲೆ ಎರಡು ಉದ್ದನೆಯ ದಿಂಡು ಮಾಡಿ. ಅಗಲ ಸುಮಾರು 5 ಸೆಂ.ಮೀ., ಎತ್ತರ 2 ಸೆಂ.ಮೀ. ಒಳಗೆ ಹೋದ ಮೇಲೆ ಹರಡಿಕೊಳ್ಳುತ್ತದೆ, ನಡುವೆ ನಾಲ್ಕು ಬೆರಳು ಜಾಗ ಬಿಡಿ. ಮಿಕ್ಕ ಮೊಟ್ಟೆಯ ಬಿಳಿ ಭಾಗವನ್ನು ಮೇಲೆ ಸವರಿದರೆ ಹೊಳಪು ಬರುತ್ತದೆ.

ಓಟಿಜಿಯನ್ನು (ಮನೆಬಳಕೆಯ ಪುಟ್ಟ ಕರೆಂಟ್ ಒವನ್) 180 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿ, 22ರಿಂದ 25 ನಿಮಿಷ ಬೇಕ್ ಮಾಡಿ. ತಿಳಿ ಹೊಂಬಣ್ಣ ಬಂದು, ಒತ್ತಿದರೆ ಬೆರಳಿಗೆ ಬಿಗಿ ಅನ್ನಿಸಬೇಕು. ಮೇಲೆ ಬಿರುಕು ಬಿಟ್ಟರೆ ಚಿಂತೆ ಬೇಡ. ಬರೀ ಮೈಕ್ರೊವೇವ್‌ನಲ್ಲಿ ಇದು ಆಗುವುದಿಲ್ಲ, ಕನ್ವೆಕ್ಷನ್ ಇರುವುದಾದರೆ ಸರಿ.

ಕತ್ತರಿಸುವಾಗ ಅವಸರ ಬೇಡ

ಬಿಸ್ಕಾಟಿ ಕೆಡುವುದು ಒಲೆಯಲ್ಲಲ್ಲ, ಚಾಕುವಿನ ಕೆಳಗೆ. ಬಿಸಿಬಿಸಿ ಇದ್ದಾಗ ಕತ್ತರಿಸಿದರೆ ಉದುರುತ್ತದೆ. ಪೂರ್ತಿ ಆರಿದ ಮೇಲೆ ಕತ್ತರಿಸಿದರೆ ಚೂರಾಗುತ್ತದೆ. ಹೊರಗೆ ತೆಗೆದು 10-15 ನಿಮಿಷ ಬಿಡಿ. ಕೈಯಲ್ಲಿ ಹಿಡಿಯಬಹುದು, ಆದರೆ ಒಳಗಿನ್ನೂ ಬೆಚ್ಚಗಿದೆ ಅನ್ನುವ ಹದ.

ತರಕಾರಿ ಹೆಚ್ಚುವ ಚಾಕು ಇಲ್ಲಿ ಕೆಲಸಕ್ಕೆ ಬಾರದು. ಮೇಲಿಂದ ಒತ್ತಿದಾಗ ಅದು ಬಾದಾಮಿಗೆ ತಾಗಿ ನಿಲ್ಲುತ್ತದೆ. ಇನ್ನಷ್ಟು ಒತ್ತಿದರೆ ಬಾದಾಮಿ ತುಂಡಾಗುವ ಬದಲು ಪಕ್ಕಕ್ಕೆ ಜಾರಿ, ಸುತ್ತಲಿನ ಭಾಗವನ್ನೂ ಕಿತ್ತುಕೊಂಡು ಬರುತ್ತದೆ. ಬ್ರೆಡ್ ಕತ್ತರಿಸುವ ಹಲ್ಲಿನ ಚಾಕು ತಗೊಳ್ಳಿ. ಭಾರ ಹಾಕದೆ ಗರಗಸ ಆಡಿಸಿದ ಹಾಗೆ ಹಿಂದೆ ಮುಂದೆ ಆಡಿಸಿ. ಬಾದಾಮಿ ಸಿಕ್ಕಾಗ ಇನ್ನೂ ನಿಧಾನ. ತಳದ ಪದರಕ್ಕೆ ಬಂದಾಗ ಮಾತ್ರ ಒಂದು ಸಲ ಗಟ್ಟಿಯಾಗಿ ಒತ್ತಿ. ಸರಿಯಾಗಿ ಬಂದ ತುಂಡಿನ ಮುಖದಲ್ಲಿ ಬಾದಾಮಿಯ ಬಿಳಿ, ಅದರ ಸುತ್ತ ಕಂದು ಸಿಪ್ಪೆಯ ಗೆರೆ ಅಚ್ಚುಕಟ್ಟಾಗಿ ಕಾಣುತ್ತದೆ.

ದಪ್ಪ ಒಂದೂವರೆ ಸೆಂ.ಮೀ. ಇರಲಿ. ಓರೆಯಾಗಿ ಕತ್ತರಿಸಿದರೆ ತುಂಡು ಉದ್ದ ಬರುತ್ತದೆ, ಅದ್ದುವಾಗ ಬೆರಳು ಸುಡುವುದಿಲ್ಲ. ಒಟ್ಟು 30ರ ಆಸುಪಾಸು ತುಂಡು ಸಿಗುತ್ತವೆ. ತುದಿಯ ಮೊಟಕು ತುಂಡುಗಳು ಮಾಡಿದವರ ಪಾಲು, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಎರಡನೇ ಸಲ

ಉರಿ 150 ಡಿಗ್ರಿಗೆ ಇಳಿಸಿ. ತುಂಡುಗಳನ್ನು ಮಲಗಿಸಿ 10 ನಿಮಿಷ, ಮಗುಚಿ ಇನ್ನು 8-10 ನಿಮಿಷ. ಈಗ ಬಣ್ಣ ಬರಿಸುವುದಲ್ಲ, ಒಣಗಿಸುವುದು ಕೆಲಸ. ಹೊರಗೆ ತೆಗೆದಾಗ ನಡುವೆ ತುಸು ಮೆತ್ತಗಿದ್ದರೂ ಆರಿದಂತೆ ಗಟ್ಟಿಯಾಗುತ್ತದೆ. ಆರಿದ ಒಂದು ತುಂಡನ್ನು ಮುರಿದು ನೋಡಿ. ಟಕ್ ಅಂತ ಮುರಿಯಬೇಕು. ಬಾಗಿದರೆ ಇನ್ನೈದು ನಿಮಿಷ ಒಳಗೆ ಹೋಗಲಿ.

ಪೂರ್ತಿ ಆರಿದ ಮೇಲೆಯೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಮೂರು ವಾರಕ್ಕೆ ಮೋಸವಿಲ್ಲ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯಲ್ಲಿ, ಥಂಡಿ ಹಿಡಿದು ಮೆತ್ತಗಾಗಬಹುದು. 150 ಡಿಗ್ರಿಯಲ್ಲಿ ಐದಾರು ನಿಮಿಷ ಇಟ್ಟರೆ ಮತ್ತೆ ಮೊದಲಿನ ಹಾಗೆ ಆಗುತ್ತದೆ.

ಅದ್ದುವುದು ಹೇಗೆ?

ಟಸ್ಕನಿಯಲ್ಲಿ ಊಟ ಮುಗಿದ ಮೇಲೆ ಪುಟ್ಟ ಲೋಟದಲ್ಲಿ ‘ವಿನ್ ಸಾಂತೊ’ ಎಂಬ ಸಿಹಿ ವೈನ್ ಇಟ್ಟು ಅದಕ್ಕೆ ಅದ್ದುತ್ತಾರೆ. ದ್ರಾಕ್ಷಿಯನ್ನು ತಿಂಗಳುಗಟ್ಟಲೆ ಒಣಗಿಸಿ, ಹಿಂಡಿ, ಸಣ್ಣ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು ಮಾಡುವ ವೈನ್ ಅದು. ತಣ್ಣಗಿರುವುದರಿಂದ ಬಿಸ್ಕಾಟಿ ನಿಧಾನವಾಗಿ ಹೀರುತ್ತದೆ. ಅಷ್ಟು ಹೊತ್ತು ಹರಟೆ ಹೊಡೆಯಬಹುದು.

ನಮಗೆ ಫಿಲ್ಟರ್ ಕಾಫಿ ಇದೆಯಲ್ಲ, ಅದೇ ಸಾಕು. ನನ್ನ ಕೇಳಿದರೆ ಸಕ್ಕರೆ ಹಾಕದ ಸ್ಟ್ರಾಂಗ್ ಕಾಫಿಯೇ ಸರಿ, ಸಿಹಿ ಬಿಸ್ಕಾಟಿಯಲ್ಲೇ ಬೇಕಾದಷ್ಟಿದೆ. ಶುಂಠಿ ಟೀ ಜೊತೆ ಅಷ್ಟಾಗಿ ಹೊಂದುವುದಿಲ್ಲ, ಶುಂಠಿಯ ಮುಂದೆ ಬಾದಾಮಿ ಸೋಲುತ್ತದೆ.

ಒಳಗೆ ನಡೆಯುವುದು ಇಷ್ಟು: ಬಿಸ್ಕೆಟ್ಟಿನ ಸಣ್ಣ ಸಣ್ಣ ತೂತುಗಳ ಮೂಲಕ ಕಾಫಿ ತಾನಾಗಿ ಮೇಲೇರುತ್ತದೆ. ಅಂಟಾಗಿ ಹಿಡಿದಿದ್ದ ಸಕ್ಕರೆ ಕರಗುತ್ತದೆ, ಹಿಟ್ಟು ಉಬ್ಬಿ ಮೆತ್ತಗಾಗುತ್ತದೆ. ಬ್ರಿಸ್ಟಲ್‌ನ ಭೌತವಿಜ್ಞಾನಿ ಲೆನ್ ಫಿಷರ್ ಈ ಅದ್ದುವ ಲೆಕ್ಕ ಹಾಕಿಯೇ 1999ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ ಪಡೆದರು. ಬಿಸ್ಕೆಟ್ಟನ್ನು ಅಡ್ಡ ಮಲಗಿಸಿ ಒಂದು ಮೈ ಮಾತ್ರ ತೋಯಿಸಿದರೆ, ಒಣಗಿರುವ ಇನ್ನೊಂದು ಮೈ ಅದನ್ನು ಮುರಿಯದಂತೆ ಹಿಡಿಯುತ್ತದೆ ಎಂಬುದು ಅವರ ಸಲಹೆ. ಬಿಸ್ಕಾಟಿಗೆ ಅಷ್ಟು ಸರ್ಕಸ್ ಬೇಡ. ಮೊಟ್ಟೆಯ ಬಿಗಿ ಇರುವುದರಿಂದ ನೆಟ್ಟಗೆ ಇಳಿಸಿದರೂ ನಡೆಯುತ್ತದೆ.

ಮೂರನೇ ಒಂದು ಭಾಗ ಮುಳುಗಲಿ. ಬಿಸಿ ಕಾಫಿಯಲ್ಲಿ ನಿಧಾನಕ್ಕೆ ಹತ್ತರವರೆಗೆ ಎಣಿಸಿ, ಎತ್ತಿ, ಒಂದು ಕ್ಷಣ ಸೋರಲು ಬಿಡಿ. ಹೊರಭಾಗ ಮೆತ್ತಗಾಗಿ ನಡುವೆ ತುಸು ಕುರುಕಲು ಉಳಿದಿರಬೇಕು. ಕಚ್ಚಿ, ಮತ್ತೆ ಅದ್ದಿ. ಇಡೀ ತುಂಡನ್ನು ಒಂದೇ ಸಲ ಮುಳುಗಿಸಿದರೆ ಚಮಚ ಹುಡುಕಬೇಕಾಗುತ್ತದೆ. ಹಲ್ಲಿನ ಸೆಟ್ ಇರುವ ಹಿರಿಯರಿಗೆ ಕೊಡುವಾಗ ಎರಡರಷ್ಟು ಹೊತ್ತು ಅದ್ದಿ. ಒಳಗಿನ ಬಾದಾಮಿ ಮಾತ್ರ ಎಷ್ಟು ಅದ್ದಿದರೂ ಗಟ್ಟಿಯೇ, ಅದನ್ನು ಮೊದಲೇ ಹೇಳಿಬಿಡಿ.

ಡಬ್ಬಿಯ ತಳದ ಪುಡಿಯನ್ನು ಎಸೆಯಬೇಡಿ, ವೆನಿಲಾ ಐಸ್‌ಕ್ರೀಮ್ ಮೇಲೆ ಉದುರಿಸಿಕೊಳ್ಳಿ. ಮೊಟ್ಟೆ ತಿನ್ನದವರಿಗೆ ಎಗ್‌ಲೆಸ್ ಬಿಸ್ಕಾಟಿ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಬೆಣ್ಣೆ ಅಥವಾ ಎಣ್ಣೆ ಇರುತ್ತದೆ, ಪೊಟ್ಟಣದ ಹಿಂದೆ ನೋಡಿ. ಅಂಥದ್ದನ್ನು ಮೂರು ಎಣಿಸುವಷ್ಟರಲ್ಲಿ ಎತ್ತಿಬಿಡಿ.